ಓಟಿನ ವೀಳ್ಯ

ಯುಗಾದಿಯ ದಿನ ಧಣಿ ಕೊಟ್ಟ ಎಲೆ ಅಡಿಕೆಯನ್ನು ಅಗಿದವನು ಮುಂದಿನ ಯುಗಾದಿಯವರೆಗೆ ಅವನ ಜೀತದಾಳು. ಕಂಪಲಾಪುರದಾಚೆ ಕಾಡಂಚಿನ ಕಾಡುಜನರ ಹಾಡಿಯಲ್ಲಿ ಇದಕ್ಕೆ ಕಾಗದವೂ ಬೇಕಿರಲಿಲ್ಲ, ಸಾಕ್ಷಿಯೂ ಬೇಕಿರಲಿಲ್ಲ. ಜೀತ ಕೂಡದೆಂದು ದೇಶದ ಸಂವಿಧಾನ ಸಾರಿ ಏಳು ವರ್ಷವಾಗಿತ್ತು. ಆ ಮಾತನ್ನು ಹಾಡಿಗೆ ಬಂದು ಹೇಳುವ ಪುಣ್ಯಾತ್ಮ ಮಾತ್ರ ಹುಟ್ಟಿರಲಿಲ್ಲ.

ಕಾಳಿಗೆ ಒಂದೇ ಹಟ. ಈ ಯುಗಾದಿಗೆ ಗಂಡ ಮಲ್ಲ ಎಲೆ ಅಗಿಯಬಾರದು. ಕೊಪ್ಪದ ಸೇತುವೆ ದಾಟಿ ಕೊಡಗಿಗೆ ಹೋದರೆ ತೋಟಗಳಲ್ಲಿ ವಾರದ ಕೂಲಿ ಕೈಗೇ ಕೊಡುತ್ತಾರಂತೆ. ಇಲ್ಲಿ ಸಿಗುತ್ತಿದ್ದುದು ಮುದ್ದೆ ಮತ್ತು ಬೈಗುಳ. ಧಣಿ ಗುರುಮಲ್ಲಪ್ಪನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಹಗಲಿರುಳು ಬೆಂಕಿ ಹಾಕುತ್ತಿದ್ದವರು ಇದೇ ಹಾಡಿಯವರು. ಆ ಲಾಭದಲ್ಲೇ ಅವನಿಗೆ ಜೀಪು ಬಂತು, ಜೀಪಿನ ಹಿಂದೆ ಜನ ಬಂದರು, ಈಗ ಅಸೆಂಬ್ಲಿ ಚುನಾವಣೆಗೂ ನಿಂತಿದ್ದ. ಎದುರಾಳಿ ಅವನ ಭಾವಮೈದುನ, ಅವನೂ ಧಣಿಯೇ. ಚುನಾವಣೆಗೆ ನಿಲ್ಲುವಷ್ಟು ದುಡ್ಡು ದುಡಿದುಕೊಡುವ ಪುಕ್ಕಟೆ ಆಳುಗಳು ಇನ್ನಾರ ಮನೆಯಲ್ಲಿದ್ದರು?

ಯುಗಾದಿಗೆ ಮೊದಲೇ ಗುರುಮಲ್ಲಪ್ಪನ ಕಡೆಯ ಚಲುವಯ್ಯ ತಟ್ಟೆ ತುಂಬ ಎಲೆ ಅಡಿಕೆ ಹಿಡಿದು ಹಾಡಿಗೆ ಬಂದ. ಓಟು ಕೇಳುವವರು ಊರೂರಿಗೂ ಹೀಗೆ ವೀಳ್ಯ ಕೊಡುತ್ತಿದ್ದರು, ಅದು ಬರೀ ಮರ್ಯಾದೆಗೆ. ಹಾಡಿಯವರಿಗೇನು ಗೊತ್ತು? ಧಣಿಯ ಎಲೆಯೆಂದು ಹೆದರಿ ಗಂಡಸರೆಲ್ಲ ಬಾಯಿಗೆ ಹಾಕಿಕೊಂಡರು. ಮಲ್ಲನ ಕೈಯಲ್ಲಿದ್ದುದನ್ನು ಮಾತ್ರ ಕಾಳಿ ಕಿತ್ತುಕೊಂಡು ಸೆರಗಿಗೆ ಕಟ್ಟಿದಳು.

“ಇದು ಎಷ್ಟ್ ವರ್ಸದ್ದು ಬುದ್ಧಿ?”

“ಓಟಲ್ವೇನವ್ವ, ಐದ್ ವರ್ಸಕ್ಕೊಂದ್ ಕಿತ ಕಣ,” ಎಂದು ಚಲುವಯ್ಯ ನಕ್ಕ.

ಅಗಿಯುತ್ತಿದ್ದ ಬಾಯಿಗಳು ಹಾಗೇ ನಿಂತವು. ಐದು ವರ್ಷದ ಜೀತ!

ಚಲುವಯ್ಯ ಇದನ್ನು ಊರಲ್ಲಿ ಹೇಳಿದಾಗ ಜನ ಬಿದ್ದು ಬಿದ್ದು ನಕ್ಕರು. ನಗುವಂಥದ್ದು ಏನಿತ್ತೋ ಅವರಿಗೇ ಗೊತ್ತು. ಗುರುಮಲ್ಲಪ್ಪ ನಗಲಿಲ್ಲ. “ಯಾರೂ ಅವ್ರಿಗೆ ತಿಳ್ಸಿ ಹೇಳ್ಬ್ಯಾಡಿ. ಅಂಗೇ ಇರ್ಲಿ ಬುಡಿ,” ಎಂದ. ಎಂಥ ದೊಡ್ಡ ಮನುಷ್ಯ! ಮೈಮುರಿಯುವ ದುಡಿಮೆ ಸಾಲದೆಂದು ಆ ಬಡಪಾಯಿಗಳ ಅಂಜಿಕೆಯನ್ನೂ ಬಾಚಿಕೊಂಡ.

ಆಗ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಪರದೆಯ ಹಿಂದೆ ಹೋಗಿ ಬೇಕಾದವನ ಪೆಟ್ಟಿಗೆಗೆ ಚೀಟಿ ಹಾಕಬೇಕು. ಓಟಿನ ದಿನ ಕಾಳಿ ಸೆರಗಿನಲ್ಲಿದ್ದ ಬಾಡಿದ ಎಲೆಯನ್ನು ಗುರುಮಲ್ಲಪ್ಪನ ಪೆಟ್ಟಿಗೆಯ ಕಂಡಿಗೆ ತುರುಕಿದಳು. ಚೀಟಿ ಯಾವ ಧಣಿಗೂ ಬೇಡವೆಂದು ಮನೆಗೆ ತಂದು ಒಲೆಗೆ ಹಾಕಿದಳು.

ಗುರುಮಲ್ಲಪ್ಪ ಗೆದ್ದ. ಯುಗಾದಿಯ ಬೆಳಿಗ್ಗೆ ತಾನೇ ಹಾಡಿಗೆ ಬಂದ.

“ಈ ಸಲ ಎಲೆ ಇಲ್ಲ ಕಣ್ರಲಾ. ಐದ್ ವರ್ಸದ್ದು ಆಗ್ಲೇ ತಿಂದಿದ್ದೀರಿ. ನಡೀರಿ ಕೆಲ್ಸಕ್ಕೆ.”

ಕಾಳಿ ಮಲ್ಲನ ಕೈ ಹಿಡಿದು ಮುಂದೆ ಬಂದಳು. 

“ಇವ್ನು ತಿಂದಿಲ್ಲ ಬುದ್ಧಿ. ನಿಮ್ ಎಲೆ ನಿಮ್ ಪೆಟ್ಗೇಗೇ ಆಕಿವ್ನಿ. ಬೀಗ ಜಡ್ದ ಸರ್ಕಾರದೋರ್ನ ಕೇಳ್ಕಳಿ.”

ಓಟಿನ ಎಣಿಕೆಯಲ್ಲಿ ಪೆಟ್ಟಿಗೆಯಿಂದ ಆ ಎಲೆ ಉದುರಿದ್ದನ್ನು ಗುರುಮಲ್ಲಪ್ಪನೇ ಕಂಡಿದ್ದ. ಓಟಿನ ಎಲೆ ಜೀತದ ಲೆಕ್ಕಕ್ಕಿಲ್ಲ ಎಂದು ಈಗ ಬಾಯಿಬಿಟ್ಟರೆ ಅಗಿದವರೆಲ್ಲ ಎದ್ದು ಹೋಗುತ್ತಾರೆ. ಹಲ್ಲು ಕಚ್ಚಿಕೊಂಡು ಮಲ್ಲನಿಗೆ ದಾರಿ ಬಿಟ್ಟ.

ಕಾಳಿ ಉಳಿದವರತ್ತ ತಿರುಗಿ ಕೂಗಿದಳು. “ಉಗ್ದ್ಬುಟ್ಟು ಬರ್ರಲಾ! ನೀವೂ ಬರ್ರಲಾ!”

ಅವಳ ಅಣ್ಣ ಮಾದ ತಲೆ ಎತ್ತಲಿಲ್ಲ.

“ಎಲ್ಲಿ ಉಗಿಯದವ್ವ, ನುಂಗ್ಬುಟ್ಟಿವಲ್ಲ,” ಎಂದವನೇ ಬ್ಯಾರನ್ನಿನ ಕಡೆಗೆ ನಡೆದ.