ಗುಬ್ಬಿಯ ಎರಡು ಜಡೆ

ಕೂದಲಿನ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಬ್ಯೂಟಿ ಪಾರ್ಲರ್ ಇಟ್ಟು ಊರಿನ ಅರ್ಧ ಮದುವಣಗಿತ್ತಿಯರ ತಲೆ ಬಾಚಿದವಳು, ಜಂಬ ಇರದೆ ಇರುತ್ತದೆಯೇ? ಆಪರೇಷನ್ನಿಗೆಂದು ಆಸ್ಪತ್ರೆಗೆ ಹೊರಟ ಅಕ್ಕ ತನ್ನ ಶಿಟ್ಜು ನಾಯಿ ಗುಬ್ಬಿಯನ್ನು ಅವಳ ಕೈಗಿಟ್ಟು ಗಿಳಿಗೆ ಹೇಳಿದ ಹಾಗೆ ಹೇಳಿದಳು:

"ಇದರ ಕೂದಲು ನಮ್ಮ ಕೂದಲ ಹಾಗೇ ಬೆಳೀತಾನೇ ಇರತ್ತೆ ಕಣೇ. ದಿನಾ ಬಾಚು. ಕಣ್ಣಿಗೆ ಬೀಳದ ಹಾಗೆ ನೆತ್ತಿ ಮೇಲೆ ಸಡಿಲವಾಗಿ ಒಂದು ಜುಟ್ಟು ಕಟ್ಟು. ಕಿವಿ ತಂಟೆಗೆ ಮಾತ್ರ ಹೋಗ್ಬೇಡ."

"ಅಜ್ಜಿಗೆ ಕೆಮ್ಮು ಕಲಿಸ್ತೀಯಾ? ನೀನು ಹೋಗಕ್ಕ."

ಅಕ್ಕ ಹೋದ ಮರುದಿನವೇ ತಂಗಿಯ ಕೈ ತುರಿಸಿತು. ಗುಬ್ಬಿಯ ಜೋಲುಕಿವಿಗಳ ನೀಳ ಕೂದಲಿಗೆ ಸಣ್ಣ ರಬ್ಬರ್ ಬ್ಯಾಂಡ್ ಬಿಗಿದು ಎರಡು ಜಡೆ ಹಾಕಿದಳು. ಪಾರ್ಲರಿಗೆ ಬಂದವರು ಮುದ್ದಾಡಿದ್ದೇ ಮುದ್ದಾಡಿದ್ದು, ಫೋಟೊ ತೆಗೆದದ್ದೇ ತೆಗೆದದ್ದು. ಸಂಜೆಯಿಂದ ನಾಯಿ ತಲೆ ಕೊಡವತೊಡಗಿತು. ಆಮೇಲೆ ಬಲಗಿವಿ ಕೆರೆದುಕೊಂಡು ಕುಂಯ್‌ಗುಟ್ಟಿತು, ಊಟ ಬಿಟ್ಟಿತು.

"ಈ ಜಾತಿ ನಾಯಿಗೆ ಮನುಷ್ಯರ ಮಡಿಲೇ ಲೋಕ. ಅಕ್ಕ ಇಲ್ಲ ಅಂತ ರಗಳೆ ತೆಗೀತಿದೆ" ಎಂದು ಬಂದವರಿಗೆಲ್ಲ ಹೇಳಿದಳು. ಜಡೆ ಕೆಡುತ್ತದೆಂದು ಅದು ಕೆರೆದುಕೊಳ್ಳುವ ಕಾಲಿಗೆ ಬಾಚಣಿಗೆಯಲ್ಲಿ ಒಂದು ಬಿಟ್ಟಳು ಕೂಡ. ಏಟು ತಿಂದ ಗುಬ್ಬಿ ಬಂದು ಅವಳ ಕಾಲ ಬುಡದಲ್ಲೇ ಮಲಗಿತು.

ನಾಲ್ಕೈದು ದಿನಕ್ಕೆ ಕಿವಿ ನಾರತೊಡಗಿದಾಗ ಪಶುವೈದ್ಯರ ಹತ್ತಿರ ಓಡಿದಳು. ಅವರು ಕೂದಲು ಸರಿಸಿ ತೋರಿಸಿದರು. ಆ ದಟ್ಟ ರೋಮದೊಳಗೆ ಬ್ಯಾಂಡು ಕಿವಿಯ ತುದಿಯನ್ನೂ ಸೇರಿಸಿ ಬಿಗಿದಿತ್ತು. ತುದಿ ಕಪ್ಪಾಗಿತ್ತು.

"ರಕ್ತ ಓಡಿಲ್ಲ. ಇಷ್ಟು ಭಾಗ ಕತ್ತರಿಸಲೇಬೇಕು. ಯಾರು ಕಟ್ಟಿದ್ದು?"

"ಪಾರ್ಲರಿಗೆ ಬಂದಿದ್ದ ಯಾವುದೋ ಹುಡುಗಿ, ಡಾಕ್ಟ್ರೇ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಮನೆಗೆ ಮರಳಿದ ಅಕ್ಕನಿಗೂ ಅದನ್ನೇ ಒಪ್ಪಿಸಿದಳು.

ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಕುಳಿತ ಅಕ್ಕ, ಗುಬ್ಬಿಯ ಕಿವಿಯ ಪಟ್ಟಿಯನ್ನು ಸವರಿ ಕಣ್ಣೀರು ಹಾಕಿದಳು. "ಕಟ್ಟಿದವಳ ಕೈ ಸೇದಿ ಹೋಗ" ಎಂದವಳೇ ತಂಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸದ್ಯ, ನೀನಿದ್ದೆ. ಬೇರೆಯವರಾಗಿದ್ರೆ ಇದರ ನೋವು ಯಾರಿಗೆ ತಿಳೀತಿತ್ತು?"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಹೇಳದಿದ್ದರೆ ಅಕ್ಕನ ಮುಖ ಇನ್ನೆಂದೂ ನೋಡಲಾಗದು. ಹೇಳಿದರೆ ಅಕ್ಕ ತನ್ನ ಮುಖ ನೋಡಲಿಕ್ಕಿಲ್ಲ.

"ಕಟ್ಟಿದ ಕೈ ಇದೇ ಅಕ್ಕ. ನೋವಾಗಿ ಕೆರ್ಕೊಂಡಿದ್ದಕ್ಕೆ ಹೊಡೆದೆ ಕೂಡ."

ಅಕ್ಕ ಮೆಲ್ಲಗೆ ಕೈ ಬಿಟ್ಟಳು. ಗೋಡೆಯ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ತಂಗಿ ತಡೆದುಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಗುಬ್ಬಿ ಬಾಲ ಆಡಿಸುತ್ತಾ ಬಂದು ಅದೇ ಕೈಯನ್ನು ನೆಕ್ಕತೊಡಗಿತು. ಕೈ ಎಳೆದುಕೊಳ್ಳಲೂ ಆಗದೆ, ಇಡಲೂ ಆಗದೆ ಅವಳು ಅಲ್ಲೇ ಕುಳಿತು ಅತ್ತಳು.