ಸುಬೇದಾರರು ಓದಿರೆಂದ ಪುಸ್ತಕ

ನಾನು ಅರವತ್ತೆಂಟು ಪುಟಗಳ ಒಂದು ಕಥೆಪುಸ್ತಕ. ಹುಟ್ಟಿದ್ದು ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ, ಮದುವೆ ಪತ್ರಿಕೆಗಳ ನಡುವೆ. ನನ್ನ ಹಾಳೆಗಳನ್ನು ಹೊಲಿಯುತ್ತಿದ್ದವನು ಎರಡು ಸಾಲು ಓದಿ, “ಥೂ” ಎಂದು ಕೈಯನ್ನು ಅಂಗಿಗೆ ಒರೆಸಿಕೊಂಡ. ಲೋಕದಲ್ಲಿ ನಾನು ಕೇಳಿದ ಮೊದಲ ಮಾತು ಅದು. ನನ್ನೊಳಗೆ ಇರುವುದಿಷ್ಟೇ: ಯುದ್ಧಕಾಲದಲ್ಲಿ ಒಂದೇ ಕಂದಕದಲ್ಲಿ ಕಾವಲು ಕೂತ ಇಬ್ಬರು ಸಿಪಾಯಿಗಳು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಒಬ್ಬ ಸಾಯುತ್ತಾನೆ.

ಗೋಕಾಕದ ಬಸ್ ನಿಲ್ದಾಣದ ಅಂಗಡಿಯಲ್ಲಿ ಎರಡು ಬೇಸಿಗೆ ಬಿಸಿಲಿಗೆ ಬಿದ್ದಿದ್ದೆ. ಒಂದು ದಿನ ನಿವೃತ್ತ ಸುಬೇದಾರ ಶಿವಪುತ್ರಪ್ಪ ಮುಗಳಿ ನನ್ನನ್ನು ಕೊಂಡರು. ಬಸ್ಸಿನಲ್ಲೇ ಓದತೊಡಗಿ, ಇಳಿಯಬೇಕಾದ ಕಡೆ ಇಳಿಯಲಿಲ್ಲ. ಮದುವೆಯಾಗದೆ ಉಳಿದ ಮನುಷ್ಯ. ಎಪ್ಪತ್ತೊಂದರ ಯುದ್ಧದಲ್ಲಿ ವೈರ್‌ಲೆಸ್ ಹಿಡಿದು ಕೂತವರು. ಮೂರು ಸಲ ಓದಿದರು. ಮೂರನೆಯ ಸಲ ಓದುವಾಗ ಅವರ ಹೆಬ್ಬೆರಳು, ಆ ಒಬ್ಬ ಸಾಯುವ ನಲವತ್ತೊಂದನೆಯ ಪುಟದ ಮೇಲೆ ಬಹಳ ಹೊತ್ತು ನಿಂತಿತ್ತು.

ಊರಿನಲ್ಲಿ ಅವರದೊಂದು ಓದುಗರ ಬಳಗವಿತ್ತು. ತಿಂಗಳಿಗೊಬ್ಬರು ಎದ್ದು, ಇಂಥ ಪುಸ್ತಕ ಓದಿರೆಂದು ಹೇಳಬೇಕು. ತಮ್ಮ ಸರದಿ ಬಂದಾಗ ಸುಬೇದಾರರು ನನ್ನನ್ನು ಎತ್ತಿ ಹಿಡಿದರು.

“ಸಣ್ಣದೈತಿ. ಒಂದ ಮಧ್ಯಾಹ್ನದಾಗ ಮುಗೀತೈತಿ. ಯುದ್ಧದ ಕತಿ. ಇಬ್ಬರು ಗಂಡಸರ ಪ್ರೀತಿ. ಎಲ್ಲಾರೂ ಓದ್ರಿ.”

ಕುರ್ಚಿಗಳು ಕರಕರ ಸದ್ದು ಮಾಡಿದವು. ಯುದ್ಧದಲ್ಲಿ ಸುಬೇದಾರರ ಪಲ್ಟನ್ನಿನಲ್ಲೇ ಇದ್ದ ಬಾಳಪ್ಪ ನಾಯಿಕ ಎದ್ದು ಬಂದು, ನನ್ನನ್ನು ಕಿತ್ತು ನೆಲಕ್ಕೆ ಬಡಿದ.

“ಫೌಜಿಗೆ ಮಸಿ ಬಳಿಯಾಕ ಹತ್ತೀಯೇನ? ನಾವಲ್ಲಿ ಸಾಯಾಕ ಹೋಗಿದ್ವಿ, ಇಂಥಾದಕ್ಕಲ್ಲ!”

“ಸಾಯಾಕ ಹೋದವರಿಗೂ ಮನಸ ಇರತೈತಿ, ಬಾಳಪ್ಪ.”

“ನಿನಗ ಹೆಂಗ ಗೊತ್ತು?”

ಪುಸ್ತಕದಲ್ಲಿ ಓದಿದೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಬೇದಾರರು ಕನ್ನಡಕ ತೆಗೆದರು. “ನನಗ ಗೊತ್ತೈತಿ,” ಎಂದರು.

ಅವತ್ತಿನಿಂದ ಚಹಾದಂಗಡಿಯಲ್ಲಿ ಅವರು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರಲಿಲ್ಲ. ಆಗಸ್ಟ್ ಹದಿನೈದರ ಧ್ವಜವಂದನೆಗೆ ಕರೆ ಬರಲಿಲ್ಲ. ಅವರ ಮನೆ ಗೋಡೆಯ ಮೇಲೆ ಯಾರೋ ಇದ್ದಲಿನಿಂದ ಹೊಲಸು ಮಾತು ಬರೆದರು. ಸುಬೇದಾರರೇ ಸುಣ್ಣ ಬಳಿದರು. ಮರುವಾರ ಮತ್ತೆ ಯಾರೋ ಬರೆದರು.

ನೆಲದಲ್ಲಿ ಬಿದ್ದಿದ್ದ ನನ್ನನ್ನು ಆ ಜಗಳದ ದಿನವೇ ಎತ್ತಿಕೊಂಡು ಹೋದವಳು ಅದೇ ಬಳಗದ ಮೈನಾಬಾಯಿ. ಅವಳ ಗಂಡ ದುಂಡಪ್ಪ ಆ ಯುದ್ಧದಲ್ಲೇ ಸತ್ತಿದ್ದ. ಅವನು ಸಾಯುವಾಗ ಪಕ್ಕದಲ್ಲಿದ್ದವರು ಶಿವಪುತ್ರಪ್ಪ. ಅವನ ಟ್ರಂಕನ್ನು ಊರಿಗೆ ತಂದು ಮುಟ್ಟಿಸಿದವರೂ ಅವರೇ. ಅವಳು ನನ್ನನ್ನು ಹಲ್ಲು ಕಚ್ಚಿಕೊಂಡು ಓದಿದಳು. ಓದುತ್ತ ಓದುತ್ತ ಏನೋ ತಾಳೆ ಹಾಕುತ್ತಿರುವುದು ಅವಳ ಉಸಿರಿನಿಂದ ನನಗೆ ಗೊತ್ತಾಗುತ್ತಿತ್ತು. ಮುಗಿದ ಮಧ್ಯಾಹ್ನವೇ ಸುಬೇದಾರರ ಬಾಗಿಲಿಗೆ ಹೋದಳು.

“ಇದರಾಗ ಸಾಯೂವಂವ ನಮ್ಮವರೇನು?”

“ಕತಿ ಯಾರೋ ಬರದದ್ದು, ಮೈನವ್ವ.”

“ಕತಿ ಸುಡಗಾಡಿಗೆ ಹೋಗಲಿ. ನಮ್ಮವರ ಮಾತು ಕೇಳಾಕ ಹತ್ತೀನಿ.”

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಹೌದು,” ಎಂದರು.

ಅವಳು ನನ್ನನ್ನು ಬೀಸಿ ಒಗೆದಳು. ನನ್ನ ಮೂಲೆ ತಗುಲಿ ಅವರ ಹುಬ್ಬು ಒಡೆಯಿತು. “ಹನ್ನೊಂದು ತಿಂಗಳು ಸಂಸಾರ ಮಾಡೀನಿ. ನಲವತ್ತು ವರ್ಷ ಅವರ ಫೋಟೋಕ್ಕ ಹೂ ಏರಿಸೀನಿ. ಕಡೀಗೆ ನನ್ನ ಹೆಸರು ತಗೊಂಡ್ರೇನು?”

ಸುಳ್ಳು ಹೇಳುವುದು ಸುಲಭವಿತ್ತು. “ಇಲ್ಲ,” ಎಂದರು.

“ನಿಮ್ಮದು?”

“ನಂದೂ ಇಲ್ಲ. ಅವ್ವಾ, ಅವ್ವಾ ಅಂದ. ಅಷ್ಟ.”

ಮೈನಾಬಾಯಿ ಮೆಟ್ಟಿಲ ಮೇಲೆ ಕುಸಿದಳು. ಅವರು ಅಲ್ಲೇ ಕೆಳಗೆ, ಒಂದು ಮಾರು ದೂರದಲ್ಲಿ ಕೂತರು. ಇಬ್ಬರೂ ಅತ್ತರು, ಒಬ್ಬರ ಕಡೆ ಒಬ್ಬರು ನೋಡದೆ. ಏಳುವಾಗ ಅವಳು ನನ್ನನ್ನು ಎತ್ತಿಕೊಂಡು ನನ್ನ ಮೂಲೆಗೆ ಹತ್ತಿದ್ದ ರಕ್ತವನ್ನು ಸೆರಗಿನಿಂದ ಒರೆಸಿದಳು. “ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ,” ಎಂದು ಹೊರಟಳು.

ಅವರು ಹೋಗಲೂ ಇಲ್ಲ. ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಸುಬೇದಾರರು ತೀರಿಕೊಂಡರು. ಸುದ್ದಿ ಬಂದಾಗ ಮೈನಾಬಾಯಿ ನನ್ನನ್ನೇ ಬಿಚ್ಚಿಕೊಂಡು ಕೂತಿದ್ದಳು. ಮಾಜಿ ಸೈನಿಕರು ಯಾರೂ ಹೋಗಿಲ್ಲ, ಹೆಣ ಎತ್ತಲು ನಾಲ್ಕು ಜನ ಸಾಲುತ್ತಿಲ್ಲ ಎಂದು ಸುದ್ದಿ ತಂದವರು ಹೇಳಿದರು. ಅವಳು ನನ್ನನ್ನು ಕಂಕುಳಲ್ಲಿ ಅವಚಿಕೊಂಡು ನೇರ ಬಾಳಪ್ಪನ ಅಂಗಳಕ್ಕೆ ನಡೆದಳು.

“ಹೋಗಿ ಹೆಗಲ ಕೊಡ್ರಿ.”

“ಅಕ್ಕಾರ, ಅಂಥಾವನಿಗೆ...”

“ಅಂವನ ಮ್ಯಾಲೆ ನನಗಿರೂ ಸಿಟ್ಟಿನಾಗ ಒಂದ ಪಾಲೂ ನಿಮಗಿಲ್ಲ. ನಾನ ಹೇಳಾಕ ಹತ್ತೀನಿ, ಹೋಗ್ರಿ.”

ಬಾಳಪ್ಪ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದ. ಅವಳು ಮಾತ್ರ ಹೋಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ಈಗ ನಾನು ಅವಳ ಗೂಡಿನಲ್ಲಿ, ಔಷಧಿ ಬಾಟಲಿಗಳ ಹಿಂದೆ ಇದ್ದೇನೆ. ನನ್ನ ಹೊಲಿಗೆ ಬಿಚ್ಚಿದೆ, ಅಂಚನ್ನು ಹುಳಗಳು ತಿಂದಿವೆ. ಅವಳು ಅವರನ್ನು ಕ್ಷಮಿಸಿಲ್ಲ, ನನ್ನನ್ನೂ ಇಲ್ಲ. ಹಾಗೆಂದು ರದ್ದಿಗೂ ಹಾಕಿಲ್ಲ. ದ್ವೇಷಿಸುತ್ತಲೇ ಕಾಪಾಡುವುದೂ ಮನುಷ್ಯರಿಗೆ ಬರುತ್ತದೆ ಎಂದು ನಾನು ಕಲಿತದ್ದು ಈ ಮನೆಯಲ್ಲಿ. ನನ್ನೊಳಗಿನ ಆ ಇಬ್ಬರು ಇನ್ನೂ ಇಪ್ಪತ್ತರ ಹರೆಯದಲ್ಲೇ ಇದ್ದಾರೆ. ಮುದಿಯಾದದ್ದು ನಾನು, ಮತ್ತು ಅವಳು.