ಇಕ್ಕೇರಿಯ ಫೋಟೋ

ದೀಪಶ್ರೀ ಬಚ್ಚಲಿನಿಂದ ಕಂದು ಬಾಟಲಿಗಳನ್ನು ಎರಡೆರಡಾಗಿ ಎತ್ತಿ ತಂದು ಹಿತ್ತಿಲ ಕಟ್ಟೆಯ ಮೇಲೆ ಇಡುತ್ತಿದ್ದಳು. ಅಪ್ಪನ ಕೊನೆಯ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯಬೇಕಿತ್ತು. ಒಲೆಯ ಬಾಯಿಗೆ ಅಡ್ಡವಾಗಿ ಫೋಟೋ ತೊಳೆಯುವ ಟ್ರೇಗಳಿದ್ದವು. ಕಿಟಕಿಗೆ ಮೊಳೆ ಹೊಡೆದಿದ್ದ ಕರಿ ಬಟ್ಟೆಯನ್ನು ಅವಳು ಎಳೆದು ಕಿತ್ತಾಗ, ಎಷ್ಟೋ ವರ್ಷಗಳ ಮೇಲೆ ಬಚ್ಚಲೊಳಗೆ ಬಿಸಿಲು ಬಿತ್ತು.

“ಅದನ್ನೆಲ್ಲ ಚರಂಡಿಗೆ ಚೆಲ್ಲಬೇಡ ಕಣೆ, ದನ ಕುಡಿದಾವು,” ಎಂದರು ಕನ್ನಪ್ಪ. ಸತ್ತ ಗಿರಿಯಪ್ಪನ ಜತೆ ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಗಿರಿಯಪ್ಪ ಹೊಸನಗರದ ಮನೆಮನೆಯ ಮೀಟರ್ ಓದುತ್ತಿದ್ದ, ಇವರು ಕಂಬ ಹತ್ತುತ್ತಿದ್ದರು. “ಮೇಗರವಳ್ಳಿಯಿಂದ ಹಾಲಮ್ಮ ಹೊರಟ್ಲಂತಾ?”

“ತೀರ್ಥಹಳ್ಳೀಲಿ ಬಸ್ಸು ಹತ್ತಿದಾರಂತೆ ಅತ್ತೆ. ಹನ್ನೊಂದರ ಹೊತ್ತಿಗೆ ಬರ್ತಾರೆ.”

“ಹಂಗಾದ್ರೆ ಕಾಯಣ. ಒಡಹುಟ್ಟಿದವಳು ಬರದೆ ಎತ್ತಕ್ಕಾಗಲ್ಲ.”

ನಡುಮನೆಯ ಗೋಡೆ ತುಂಬ ಗಿರಿಯಪ್ಪ ತೆಗೆದ ಕಪ್ಪು ಬಿಳುಪು ಚಿತ್ರಗಳಿದ್ದವು. ಮಂಜಿನಲ್ಲಿ ನಿಂತ ಕಂಬ, ಹಿನ್ನೀರು ಇಳಿದಾಗ ಎದ್ದ ಬೋಳು ಮರದ ಬುಡಗಳು, ಬೀಗ ಹಾಕಿದ ಅಂಗಡಿ, ಖಾಲಿ ಬಸ್ ನಿಲ್ದಾಣ. ಒಂದರಲ್ಲೂ ಮನುಷ್ಯರಿರಲಿಲ್ಲ.

“ಈ ಕಾಲದಲ್ಲೂ ಎಲ್ಲಿಂದಲೋ ರೀಲು ತರಿಸ್ತಿದ್ದ ಮಾರಾಯ,” ಎಂದರು ಪಕ್ಕದ ಮನೆಯ ವಾಸಪ್ಪ. “ನನ್ನ ಮೊಮ್ಮಗಳ ನಾಮಕರಣಕ್ಕೆ ಒಂದು ಫೋಟೋ ತೆಗಿ ಅಂದ್ರೆ, ನಾನು ಜನರನ್ನ ತೆಗೆಯಲ್ಲ ಅಂದ್ಬಿಟ್ಟ.”

“ನನ್ನ ಮದುವೇಲೇ ತೆಗೀಲಿಲ್ಲ,” ಎಂದಳು ದೀಪಶ್ರೀ. “ಎಂತಕ್ಕಪ್ಪಾ ಅಂದ್ರೆ, ಮೀಟರ್ ಓದೋನಿಗೆ ಮುಖ ಓದಕ್ಕೆ ಬರಲ್ಲ ಅಂದ್ರು.”

ಗಂಡನ ತಲೆಯ ಬಳಿ ಕೂತಿದ್ದ ವೆಂಕಮ್ಮನಿಗೆ ಕಾರಣ ಗೊತ್ತಿತ್ತು. ಅವಳು ಹೊದಿಕೆಯ ಅಂಚು ಸರಿಮಾಡಿದಳು.

*

ತೊಂಬತ್ತಮೂರನೇ ಇಸವಿಯಲ್ಲಿ ಗಿರಿಯಪ್ಪನಿಗೆ ಸಾಗರದಲ್ಲಿ ಕೆಲಸ. ತಂಗಿ ಹಾಲಮ್ಮ ಅವನ ಬಾಡಿಗೆ ಮನೆಯಲ್ಲೇ ಇದ್ದುಕೊಂಡು ಟಿ.ಸಿ.ಎಚ್. ಎರಡನೇ ವರ್ಷ ಓದುತ್ತಿದ್ದಳು. ಇನ್ನೆರಡು ತಿಂಗಳಲ್ಲಿ ಪರೀಕ್ಷೆ, ಆಮೇಲೆ ಯಾವುದಾದರೊಂದು ಶಾಲೆಯಲ್ಲಿ ಟೀಚರ್ ಕೆಲಸ.

ಯಾರೋ ಬಳಸಿ ಬಿಟ್ಟಿದ್ದ ಕ್ಯಾಮೆರಾ ಅವನ ಕೈಗೆ ಬಂದು ವರ್ಷವಾಗಿತ್ತಷ್ಟೆ. ತಿಂಗಳಿಗೆ ಒಂದೇ ರೀಲು, ಮೂವತ್ತಾರು ಚಿತ್ರ. ಗುಂಡಿ ಒತ್ತುವ ಮೊದಲು ಅವನು ಉಸಿರು ಬಿಗಿಹಿಡಿಯುತ್ತಿದ್ದ. ರೀಲು ತೊಳೆಯಲು ಕೊಟ್ಟ ಮೇಲಿನ ಎಂಟು ದಿನವಂತೂ ಊಟದ ಮೇಲೆ ನಿಗಾ ಇರುತ್ತಿರಲಿಲ್ಲ. ಸ್ಟುಡಿಯೋದ ಮೆಟ್ಟಿಲ ಮೇಲೇ ಕವರು ಹರಿದು ನೋಡುತ್ತಿದ್ದ. ಮೂವತ್ತಾರರಲ್ಲಿ ಎರಡು ಚೆನ್ನಾಗಿ ಬಂದರೆ ಆ ದಿನ ಸೈಕಲ್ಲು ತಾನೇ ಓಡುತ್ತಿತ್ತು.

ಒಂದು ಭಾನುವಾರ ತಂಗಿಯನ್ನೂ ಅವಳ ಸಹಪಾಠಿಗಳನ್ನೂ ಇಕ್ಕೇರಿಗೆ ಕರೆದುಕೊಂಡು ಹೋದ. ಅಲ್ಲಿ ತೆಗೆದದ್ದರಲ್ಲಿ ಒಂದು ಚಿತ್ರ ಸ್ಟುಡಿಯೋದವನಿಗೇ ಹಿಡಿಸಿಬಿಟ್ಟಿತು. ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಬಾಯ್ತುಂಬ ನಗುತ್ತಿರುವ ಹಾಲಮ್ಮ. ಪಕ್ಕದಲ್ಲಿ ದುರ್ಗೇಶ್ ಎಂಬ ಸಹಪಾಠಿ, ಬೇರೆ ಜಾತಿಯ ಹುಡುಗ. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು, ಎರಡು ಪುಸ್ತಕದ ಚೀಲಗಳಿದ್ದವು. ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿ, ಬೀದಿಗೆ ಮುಖ ಮಾಡಿದ ಗಾಜಿನೊಳಗೆ ನಿಲ್ಲಿಸಿದ.

ಗಿರಿಯಪ್ಪ ರಸ್ತೆಯ ಆಚೆ ಬದಿ ಸೈಕಲ್ಲಿಗೆ ಒರಗಿ ಅರ್ಧ ಗಂಟೆ ನೋಡಿದ. ಕಚೇರಿಯವರನ್ನೂ ಕರೆತಂದು ತೋರಿಸಿದ.

ಸಂಜೆ ಹಾಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಅಣ್ಣಯ್ಯ, ಅದನ್ನ ತೆಗೆಸು. ಕ್ಲಾಸಲ್ಲಿ ಏನೇನೋ ಅಂತಿದಾರೆ.”

“ನೀನು ಹೋಗಿ ನೋಡಿದ್ಯಾ?”

“ನಾನು ಆ ಬೀದೀಲೇ ಹೋಗಲ್ಲ.”

“ಇನ್ನೆರಡು ದಿನ ಇರ್ಲಿ ಬಿಡೇ. ಇಂಥದ್ದು ಇನ್ನೊಂದು ನನ್ನ ಕೈಲಿ ಬರುತ್ತೋ ಇಲ್ಲವೋ.”

ಮಾರನೇ ದಿನವೇ ಅವರಿಬ್ಬರ ಅಪ್ಪ ಕೋರ್ಟಿನ ಕೆಲಸಕ್ಕೆ ಸಾಗರಕ್ಕೆ ಬಂದವರು ಆ ಗಾಜಿನ ಮುಂದೆ ನಿಂತರು. ನೇರ ಮನೆಗೆ ಬಂದು ಹಾಲಮ್ಮನ ಟ್ರಂಕಿನಿಂದ ಪುಸ್ತಕಗಳನ್ನು ತೆಗೆದು ನೆಲಕ್ಕೆ ಹಾಕಿ, ಸೀರೆಗಳನ್ನು ಮಾತ್ರ ಒಳಗಿಟ್ಟು ಮುಚ್ಚಿದರು.

“ಪರೀಕ್ಷೆಯಾದ್ರೂ ಬರೀಲಿ ಅಪ್ಪಯ್ಯ,” ಎಂದ ಗಿರಿಯಪ್ಪ. “ತಪ್ಪು ನಂದು.”

“ಅವಳು ಬರೆದದ್ದನ್ನ ಊರೆಲ್ಲ ಓದಿ ಆಯ್ತು,” ಎಂದರು ಅಪ್ಪ.

ಗಿರಿಯಪ್ಪ ಓಡಿಹೋಗಿ ಚೌಕಟ್ಟನ್ನು ಇಳಿಸಿ ತಂದ. ಅಷ್ಟರಲ್ಲಿ ಅಪ್ಪನೂ ತಂಗಿಯೂ ಬಸ್ಸು ಹತ್ತಿಯಾಗಿತ್ತು. ಮೇ ತಿಂಗಳಲ್ಲಿ ಹಾಲಮ್ಮನನ್ನು ಮೇಗರವಳ್ಳಿಗೆ ಕೊಟ್ಟರು. ಗಂಡು, ಹೆಂಡತಿ ಸತ್ತವನು, ಎರಡು ಮಕ್ಕಳ ತಂದೆ. ಅವತ್ತು ಗಿರಿಯಪ್ಪ ಮದುವೆಮನೆಯಲ್ಲಿ ಕ್ಯಾಮೆರಾ ಇಲ್ಲದೆ ಬರಿಗೈಯಲ್ಲಿ ಓಡಾಡಿದ.

*

ಹನ್ನೊಂದೂಕಾಲಿಗೆ ಹಾಲಮ್ಮ ಬಂದಳು. ಐವತ್ತೆರಡಕ್ಕೇ ತಲೆ ಪೂರ್ತಿ ನೆರೆತಿತ್ತು. ಈ ಮನೆಯ ಎಲ್ಲ ಕಾರ್ಯಗಳಿಗೂ ಅವಳು ಬಂದವಳೇ. ಅಣ್ಣನ ಜತೆ ಮಾತ್ರ ‘ಊಟ ಆಯ್ತಾ’ ಅನ್ನುವಷ್ಟೇ ಮಾತು. ಈಗ ಅವನ ಬಾಯಿಗೆ ಅಕ್ಕಿಕಾಳು ಹಾಕುವಾಗ ಅವಳು ಅಳಲಿಲ್ಲ. ಬಂದವರು ಅದನ್ನು ಗಮನಿಸಿದರು.

ಚಟ್ಟದ ಹಗ್ಗ ಬಿಗಿಯಲೆಂದು ಗಂಡಸರು ಅವನನ್ನು ಅಂಗಳಕ್ಕೆ ಒಯ್ದಾಗ ಅವಳು ವೆಂಕಮ್ಮನ ಪಕ್ಕ ಕೂತಳು.

“ಅತ್ತಿಗೆ, ಆ ಇಕ್ಕೇರಿ ರೀಲು ಎಲ್ಲಿದೆ?”

ವೆಂಕಮ್ಮ ತಲೆಯೆತ್ತಿದಳು. “ಈಗ್ಯಾಕೆ ಅದು?”

“ಹೋದ ತಿಂಗಳು ಅಣ್ಣಯ್ಯ ನಮ್ಮನೆಗೆ ಹಿಡ್ಕೊಂಡು ಬಂದಿದ್ದ. ನಿಮಗೆ ಹೇಳಲಿಲ್ವಾ? ಜಗಲಿ ಮೇಲೆ ಇಟ್ಟು, ಇದು ನಿಂದು ಹಾಲಿ, ಸುಡ್ತೀಯೋ ಇಟ್ಕೋತೀಯೋ ನೋಡು ಅಂದ. ನಾನು ಮುಟ್ಟಲಿಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಮೂವತ್ತು ವರ್ಷ ಇಟ್ಕೊಂಡಿದೀಯಲ್ಲ, ಇನ್ನೆರಡು ದಿನ ಇರ್ಲಿ ಬಿಡು ಅಂದೆ. ಬೇಕಂತಲೇ ಅಂದೆ. ಕಾಫಿ ಲೋಟ ಹಂಗೇ ಇಟ್ಟು ಎದ್ದು ಹೋದ.”

“ಅವತ್ತು ಬಂದವರು ಬಚ್ಚಲ ಬಾಗಿಲು ಹಾಕ್ಕೊಂಡು ಕೂತಿದ್ರು,” ಎಂದಳು ವೆಂಕಮ್ಮ. “ಫೋಟೋ ತೊಳೀತಿದಾರೆ ಅನ್ಕೊಂಡೆ.”

ಕೇಳುತ್ತಾ ನಿಂತಿದ್ದ ದೀಪಶ್ರೀ ಒಳಗೆ ಹೋಗಿ, ಅಪ್ಪನ ಕ್ಯಾಮೆರಾ ಚೀಲ ತಡಕಿ ಮಾಸಿದ ಕವರೊಂದನ್ನು ತಂದಳು. ಮೇಲೆ ‘ಹಾಲಿ’ ಎಂದಷ್ಟೇ ಬರೆದಿತ್ತು. ಒಳಗೆ ಗೇಣುದ್ದದ ನೆಗೆಟಿವ್.

“ಹೆಂಗೆ ನೋಡೋದು ಇದನ್ನ?” ಎಂದಳು ಹಾಲಮ್ಮ.

“ಬೆಳಕಿಗೆ ಹಿಡೀಬೇಕು. ಅತ್ತೆ, ಈ ಫೋಟೋ ನೀವು ನೋಡೇ ಇಲ್ವಾ?”

“ಸಾಗರದವರೆಲ್ಲ ನೋಡಿದ್ರು. ನಾನು ನೋಡಲಿಲ್ಲ.”

ಹಾಲಮ್ಮ ಕಿಟಕಿಗೆ ಹೋಗಿ ನೆಗೆಟಿವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಬೆರಳಗಲದ ಚೌಕದಲ್ಲಿ ಕಪ್ಪು ಮುಖದ, ಬಿಳಿ ಕೂದಲಿನ ಹುಡುಗಿ. ದುರ್ಗೇಶ್ ಅಂಚಿನಲ್ಲಿದ್ದ, ಅರ್ಧ ಮಸುಕಾಗಿ. ಹುಡುಗಿ ಅವನ ಕಡೆ ನೋಡುತ್ತಿರಲಿಲ್ಲ.

“ಬಿದ್ದಿದ್ದ,” ಎಂದಳು ಹಾಲಮ್ಮ.

“ಯಾರು?”

“ನಿಮ್ಮಪ್ಪ. ಎಲ್ಲಾ ಫೋಟೋದೊಳಗೆ ಬರಬೇಕು ಅಂತ ಹಿಂದೆ ಹಿಂದೆ ಹೋಗಿ, ಕಲ್ಲು ಎಡವಿ ಬಿದ್ದ. ಕ್ಯಾಮೆರಾ ಮಾತ್ರ ಮೇಲೆ ಹಿಡಿದಿದ್ದ. ಬಿದ್ದಲ್ಲಿಂದಲೇ ಒತ್ತಿದಾನೆ. ನಾನು ನಕ್ಕಿದ್ದು ಅವನನ್ನ ನೋಡಿ ಕಣೆ.”

ಹೊರಗೆ ಕನ್ನಪ್ಪ “ಹಿಡೀರಿ” ಎಂದರು. ವೆಂಕಮ್ಮ ಕೂಗಿ ಅತ್ತಳು. ದೀಪಶ್ರೀ ಬಾಗಿಲಿಗೆ ಓಡಿದಳು. ಹಾಲಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. ಚಟ್ಟ ಹೊತ್ತವರು ಅಂಗಳ ದಾಟುವಾಗ, ಅವರ ಕಪ್ಪು ನೆರಳು ಆ ಚೌಕದ ಹಿಂದೆ ತುಂಬಿಕೊಂಡು, ನಗುತ್ತಿದ್ದ ಹುಡುಗಿಯ ಬಿಳಿ ಕೂದಲನ್ನು ಒಂದು ಗಳಿಗೆ ಕಪ್ಪಾಗಿಸಿ, ಗೇಟಿನ ಕಡೆಗೆ ಸರಿದುಹೋಯಿತು.